ಎಲ್ಲವನ್ನೂ ಸಕ್ಕರೆಯ ತಲೆಗೆ ಕಟ್ಟಿದರೆ: ದಾವಣಗೆರೆಯ ಒಂದು ಪ್ರಕರಣ

ಸಕ್ಕರೆ ಕಾಯಿಲೆಯವರ ಗಾಯ ಬೇಗ ಮಾಯುವುದಿಲ್ಲ ಎಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತಿರುವ ಮಾತು. ಮಾತು ಸುಳ್ಳಲ್ಲ. ಆದರೆ ಆ ಒಂದು ಮಾತು ಹೇಳಿ ಮುಗಿಸಿದ ಮೇಲೆ ಬೇರೇನನ್ನೂ ಕೇಳುವ ಅಗತ್ಯವೇ ಇಲ್ಲ ಎಂಬಂತೆ ಮನೆಯವರೂ ವೈದ್ಯರೂ ಸುಮ್ಮನಾಗಿಬಿಡುತ್ತಾರೆ. ಈ ಪ್ರಕರಣದಲ್ಲಿ ಆದದ್ದೂ ಅದೇ. ಕಾಲಿನ ಗಾಯಕ್ಕೂ ಸಕ್ಕರೆಯೇ ಕಾರಣ, ಕೈಮೇಲಿನ ನೀಲಿ ಕಲೆಗಳಿಗೂ ಸಕ್ಕರೆಯೇ ಕಾರಣ ಎಂದು ತಿಂಗಳುಗಟ್ಟಲೆ ಎಲ್ಲರೂ ನಂಬಿದ್ದರು. ಎರಡಕ್ಕೂ ಹಿಂದೆ ಇನ್ನೊಂದು ಕಾರಣ ಕುಳಿತಿತ್ತು. ರೋಗಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಹಿನ್ನೆಲೆ

ಇಲ್ಲಿ ಅವರನ್ನು ಗಂಗಮ್ಮ ಎಂದು ಕರೆಯುತ್ತೇನೆ. ವಯಸ್ಸು 57. ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರಲ್ಲಿ ಇಪ್ಪತ್ತು ವರ್ಷಕ್ಕೂ ಮೀರಿದ ದುಡಿಮೆ. ಭಟ್ಟಿಯ ಕೆಲಸ ನೋಡಿದವರಿಗೆ ಅಲ್ಲಿನ ನೆಲ ಹೇಗಿರುತ್ತದೆ ಎಂದು ಗೊತ್ತು. ಕೆಂಪಗೆ ಕಾದ ಮರಳಿಗೆ ಅಕ್ಕಿ ಬೀಳುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಅರಳುತ್ತದೆ, ಜರಡಿಗೆ ಹೋಗುತ್ತದೆ. ಈ ಓಡಾಟದಲ್ಲಿ ಬಿಸಿ ಮರಳು ಸುತ್ತಲೂ ಚೆಲ್ಲುತ್ತಲೇ ಇರುತ್ತದೆ. ಕೂಲಿ ಚೀಲದ ಲೆಕ್ಕ. ನಿಂತರೆ ಕಾಸಿಲ್ಲ.

ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇತ್ತು. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಹಿಂದೆ ಯಾವಾಗಲೋ ಒಂದು ಶಿಬಿರದಲ್ಲಿ 'ಹೃದಯಕ್ಕೆ ಒಳ್ಳೆಯದು' ಎಂದು 75 ಮಿಲಿಗ್ರಾಂ ಆಸ್ಪಿರಿನ್ ಬರೆದುಕೊಟ್ಟಿದ್ದರು. ಅದೂ ನಡೆದುಕೊಂಡು ಬಂದಿತ್ತು. ಹೃದಯಾಘಾತ, ಪಾರ್ಶ್ವವಾಯು ಯಾವುದೂ ಆಗಿರಲಿಲ್ಲ.

ನಮ್ಮಲ್ಲಿಗೆ ಬಂದಾಗ ಬಲಗಾಲಿನ ಹೆಬ್ಬೆರಳ ಬುಡದಲ್ಲಿ, ಅಂಗಾಲಿನ ಕಡೆ, ಒಂದು ರೂಪಾಯಿ ನಾಣ್ಯದಷ್ಟು ಅಗಲದ ಹುಣ್ಣಿತ್ತು. ಸುತ್ತ ದಪ್ಪನೆಯ ಜಡ್ಡು. ಎರಡು ತಿಂಗಳು ಕಳೆದಿತ್ತು. ಅದು ಹೇಗಾಯಿತು ಎಂದು ಅವರಿಗೇ ಗೊತ್ತಿರಲಿಲ್ಲ. ಒಂದು ಸಂಜೆ ಮನೆಯ ನೆಲದ ಮೇಲೆ ಒದ್ದೆ ಹೆಜ್ಜೆಗುರುತು ಕಂಡು ಸೊಸೆ, 'ಅತ್ತೆ, ಕಾಲಿಗೆ ಏನಾಗಿದೆ?' ಎಂದು ಕೇಳಿದ ಮೇಲೆಯೇ ಕಾಲು ಎತ್ತಿ ನೋಡಿದ್ದು. ಸವೆದ ಚಪ್ಪಲಿಯೊಳಗೆ ಸೇರಿದ ಬಿಸಿ ಮರಳು ಸುಟ್ಟಿರಬೇಕು. ನೋವು ಇರಲಿಲ್ಲ, ಅಪಾಯದ ಮೂಲವೇ ಅದು.

ಅಷ್ಟರಲ್ಲಿ ಮಾಡಿದ್ದು

ಮನೆಯಲ್ಲಿ ಮೊದಲು ಅರಿಶಿನ ಹಚ್ಚಿದ್ದರು. ಆಮೇಲೆ ಔಷಧದ ಅಂಗಡಿಯಿಂದ ತಂದ ಹೈಡ್ರೋಜನ್ ಪೆರಾಕ್ಸೈಡ್ ಅನ್ನು ಪ್ರತಿದಿನ ನೊರೆ ಬರುವ ಹಾಗೆ ಸುರಿದು ತೊಳೆಯುತ್ತಿದ್ದರು. ನೊರೆ ಕಂಡರೆ ಕೊಳೆಯೆಲ್ಲ ಹೋಯಿತು ಎಂಬ ಸಮಾಧಾನ. ವಾಸ್ತವದಲ್ಲಿ ಅದು ಗಾಯದ ತಳದಲ್ಲಿ ಹೊಸದಾಗಿ ಹುಟ್ಟುತ್ತಿರುವ ಕೆಂಪು ಮಾಂಸವನ್ನೂ ಸುಡುತ್ತದೆ. ದಿನವೂ ಸುರಿಯುವ ವಸ್ತುವಲ್ಲ. ಎರಡು ಸುತ್ತು ಆಂಟಿಬಯಾಟಿಕ್ ಮಾತ್ರೆ ಮುಗಿದಿತ್ತು. ಭಟ್ಟಿಯ ಕೆಲಸ ಮಾತ್ರ ಒಂದು ದಿನವೂ ನಿಂತಿರಲಿಲ್ಲ. ಹುಣ್ಣಿನ ಮೇಲೆಯೇ ಮೈಭಾರ ಹಾಕಿ ದಿನಕ್ಕೆ ಎಂಟು ಗಂಟೆ ನಿಂತರೆ ಯಾವ ಮುಲಾಮೂ ಕೆಲಸ ಮಾಡುವುದಿಲ್ಲ.

ಇದರ ಜೊತೆಗೆ ಮುಂಗೈ, ಅಂಗೈ ಹಿಂಭಾಗದಲ್ಲೆಲ್ಲ ನೀಲಿಗಟ್ಟಿದ ಕಲೆಗಳು. ಮಳೆಗಾಲವಾದ್ದರಿಂದ ಡೆಂಗಿ ಇರಬಹುದೆಂದು ಹೆದರಿ ಬೇರೆ ಬೇರೆ ಕಡೆ ಪ್ಲೇಟ್‌ಲೆಟ್ ಎಣಿಸಿದ್ದರು. ಪ್ರತಿ ಸಲವೂ ಎರಡು ಲಕ್ಷಕ್ಕಿಂತ ಮೇಲೆ, ಸರಿಯಾಗಿಯೇ ಇತ್ತು. 'ಹಾಗಾದರೆ ಶುಗರ್‌ನಿಂದಲೇ' ಎಂಬ ತೀರ್ಮಾನಕ್ಕೆ ಬಂದಿದ್ದರು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 9.4 ಬಂದದ್ದರಿಂದ ಬೇರೊಂದು ಕಡೆ ರಾತ್ರಿಯ ಗ್ಲಿಮೆಪಿರೈಡ್ ಹೆಚ್ಚಿಸಿದ್ದರು. ಅದಾದ ಮೇಲೆ ಬೆಳಗಿನ ಜಾವ ಬೆವರು, ನಡುಕ ಶುರುವಾಯಿತು. ಒಮ್ಮೆ ಹಿತ್ತಲಲ್ಲಿ ಬಿದ್ದೂ ಬಿಟ್ಟರು.

ಹೊಂದದ ಎರಡು ಸಂಗತಿ

ನನ್ನನ್ನು ಮೊದಲು ತಡೆದು ನಿಲ್ಲಿಸಿದ್ದು ಸೊಸೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ ಗ್ಲೂಕೋಮೀಟರ್ ಲೆಕ್ಕ. ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ 72, 88, 104. ಮಧ್ಯಾಹ್ನ ಊಟದ ನಂತರ 296, 318, 331. ದಿನವೂ ಇದೇ ಓಟ. ಊಟದಲ್ಲಿ ಅಂಥ ಅತಿರೇಕವೇನೂ ಇರಲಿಲ್ಲ: ರಾಗಿ ಮುದ್ದೆ ಅಥವಾ ಜೋಳದ ರೊಟ್ಟಿ, ಸ್ವಲ್ಪ ಅನ್ನ. ಬೆಳಿಗ್ಗೆ ಇಳಿದು ಮಧ್ಯಾಹ್ನದಿಂದ ಸಂಜೆಯವರೆಗೆ ಹೀಗೆ ಏರುವ ಸಕ್ಕರೆ, ಬೆಳಿಗ್ಗೆ ಒಂದು ಹೊತ್ತು ಸ್ಟೀರಾಯ್ಡ್ (ಊತ, ನೋವು ಬೇಗ ತಗ್ಗಿಸುವ, ಹಾರ್ಮೋನಿನಂಥ ಔಷಧ) ತೆಗೆದುಕೊಳ್ಳುವವರಲ್ಲಿ ಕಾಣುವ ರೀತಿಯದು. ಇಂಥವರಿಗೆ ರಾತ್ರಿಯ ಮಾತ್ರೆ ಹೆಚ್ಚಿಸಿದರೆ ಮಧ್ಯಾಹ್ನದ ಏರಿಕೆ ಹಾಗೆಯೇ ಉಳಿಯುತ್ತದೆ, ಬೆಳಗಿನ ಜಾವದ ಸಕ್ಕರೆ ಕುಸಿಯುತ್ತದೆ. ಗಂಗಮ್ಮನವರು ಬಿದ್ದದ್ದು ಅದಕ್ಕೇ.

ಎರಡನೆಯದು ಆ ಕಲೆಗಳು. ಪೆಟ್ಟು ಬಿದ್ದು ನೀಲಿಗಟ್ಟಿದ ಜಾಗ ದಿನ ಕಳೆದಂತೆ ಹಸಿರಿಗೆ, ಹಳದಿಗೆ ತಿರುಗಿ ಮಾಸಿಹೋಗುತ್ತದೆ. ಇವರ ಕಲೆಗಳು ಬಣ್ಣ ಬದಲಿಸುತ್ತಿರಲಿಲ್ಲ. ನೇರಳೆಯಾಗಿಯೇ ಉಳಿದು ಕೊನೆಗೆ ಕಂದು ಗುರುತು ಬಿಡುತ್ತಿದ್ದವು. ಅಂಚು ಕತ್ತರಿಸಿ ಇಟ್ಟಷ್ಟು ಸ್ಪಷ್ಟ. ಸುತ್ತಲಿನ ಚರ್ಮ ಎಷ್ಟು ತೆಳುವಾಗಿತ್ತೆಂದರೆ, ಬಿ.ಪಿ. ಪಟ್ಟಿ ಸುತ್ತಿ ತೆಗೆದ ಜಾಗದಲ್ಲಿ ಹೊಸ ಚುಕ್ಕೆಗಳು ಮೂಡಿದವು. ನೀರೂರಿದ ಈರುಳ್ಳಿ ಸಿಪ್ಪೆಯ ಹಾಗೆ ಕೆಳಗಿನ ರಕ್ತನಾಳಗಳೆಲ್ಲ ಕಾಣುತ್ತಿದ್ದವು.

ಮಧುಮೇಹ ತಾನಾಗಿಯೇ ಇಂಥ ನೀಲಿ ಕಲೆಗಳನ್ನು ಎಬ್ಬಿಸುವುದು ವಿರಳ. ಸಕ್ಕರೆ ಬಹುಕಾಲ ಏರಿಯೇ ಇದ್ದರೆ ಬಿಳಿ ರಕ್ತಕಣಗಳ ಕೆಲಸ ಮಂದವಾಗುತ್ತದೆ, ಸಣ್ಣ ರಕ್ತನಾಳಗಳು ಕೆಡುತ್ತವೆ, ಆದ ಕಲೆ ಅಥವಾ ಗಾಯ ನಿಧಾನವಾಗಿ ಮಾಯುತ್ತದೆ. ಕಾಲು ಜೋಮು ಹಿಡಿದು, ದೃಷ್ಟಿ ಮಂಜಾಗಿ ಎಡವುವುದು, ತಗುಲಿಸಿಕೊಳ್ಳುವುದು ಹೆಚ್ಚಾಗುತ್ತದೆ. ಇನ್ಸುಲಿನ್ ಚುಚ್ಚಿದ ಜಾಗದಲ್ಲಿ ಚಿಕ್ಕ ಕಲೆ ಆಗಬಹುದು. ಇಷ್ಟನ್ನು ಬಿಟ್ಟು, ಕಾರಣವಿಲ್ಲದೆ ಮೇಲಿಂದ ಮೇಲೆ ನೀಲಿಗಟ್ಟುತ್ತಿದ್ದರೆ ಹುಡುಕಬೇಕಾದ ಪಟ್ಟಿಯೇ ಬೇರೆ: ಆಸ್ಪಿರಿನ್, ಕ್ಲೊಪಿಡೋಗ್ರೆಲ್, ರಕ್ತ ತೆಳುವಾಗಿಸುವ ಇತರ ಔಷಧ, ಸ್ಟೀರಾಯ್ಡ್, ಯಕೃತ್ತು ಮತ್ತು ಮೂತ್ರಪಿಂಡದ ತೊಂದರೆ, ಪ್ಲೇಟ್‌ಲೆಟ್ ಕೊರತೆ, ವಿಟಮಿನ್ ಸಿ ಕೊರತೆ, ಮುಪ್ಪಿನ ಚರ್ಮ. ಗಂಗಮ್ಮನವರ ಯಕೃತ್ತು, ಮೂತ್ರಪಿಂಡ, ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಎಲ್ಲವೂ ಸರಿ ಇದ್ದವು. ಆಸ್ಪಿರಿನ್ ಒಂದು ಪಾಲು ಹೊತ್ತಿರಬಹುದು. ಆದರೆ ಅದು ಚರ್ಮವನ್ನು ತೆಳುವಾಗಿಸುವುದಿಲ್ಲ.

ಮುಖ ದುಂಡಗಾಗಿತ್ತು. 'ಈಗೀಗ ಅತ್ತೆಯ ಮುಖದಲ್ಲಿ ಕಳೆ ಬಂದಿದೆ' ಎಂದು ಸೊಸೆ ಖುಷಿಯಿಂದ ಹೇಳಿದಳು. ಕೈಕಾಲು ಮಾತ್ರ ಕಡ್ಡಿ. ಕುಕ್ಕರುಗಾಲಲ್ಲಿ ಕುಳಿತವರು ನೆಲಕ್ಕೆ ಕೈ ಊರದೆ ಏಳಲಾರರು. ಇವೂ ಸ್ಟೀರಾಯ್ಡಿನ ಗುರುತುಗಳೇ.

ಪೊಟ್ಟಣ

'ಬೇರೆ ಏನಾದರೂ ಔಷಧ ತೆಗೆದುಕೊಳ್ಳುತ್ತೀರಾ ಅಮ್ಮ?' ಎಂದು ಕೇಳಿದಾಗ 'ಇಲ್ಲ ಡಾಕ್ಟರೇ, ನೀವು ನೋಡಿದ್ದಷ್ಟೇ' ಎಂದರು. ಅವರು ಸುಳ್ಳು ಹೇಳಲಿಲ್ಲ. ಅವರ ಮನಸ್ಸಿನಲ್ಲಿ ಔಷಧ ಎಂದರೆ ಚೀಟಿಯಲ್ಲಿ ಬರೆದದ್ದು, ಅಂಗಡಿಯಲ್ಲಿ ಬಿಲ್ ಹಾಕಿ ಕೊಡುವಂಥದ್ದು. ಪ್ರಶ್ನೆಯನ್ನೇ ಬದಲಿಸಿ, 'ಮೊಣಕಾಲು ನೋವಿಗೆ ಏನು ಮಾಡುತ್ತೀರಿ?' ಎಂದು ಕೇಳಿದೆ. 'ಅದಕ್ಕೆ ಪುಡಿ ಇದೆಯಲ್ಲ' ಎಂದರು. ಸೊಸೆ ಕೈಚೀಲದಿಂದ ಒಂದು ಪೊಟ್ಟಣ ತೆಗೆದಳು. ಹಳೆಯ ಪತ್ರಿಕೆಯ ಕಾಗದದಲ್ಲಿ ಕಟ್ಟಿದ ಮಣ್ಣುಬಣ್ಣದ ಪುಡಿ. ಹೆಸರಿಲ್ಲ, ತಯಾರಿಸಿದ ದಿನಾಂಕವಿಲ್ಲ, ಏನೇನು ಹಾಕಿದೆ ಎಂಬ ಬರಹವಿಲ್ಲ. ಸಂತೆಗೆ ಬರುವ ಒಬ್ಬಾತ ಕಾಡಿನ ಬೇರಿನಿಂದ ಮಾಡಿದ್ದೆಂದು ಹೇಳಿ ಕೊಡುತ್ತಿದ್ದ. ಹಿಂದಿನ ವರ್ಷದ ಯುಗಾದಿಯ ನಂತರ ಶುರು ಮಾಡಿದ್ದು, ದಿನವೂ ಬೆಳಿಗ್ಗೆ ಭಟ್ಟಿಗೆ ಹೊರಡುವ ಮುನ್ನ ಒಂದು ಚಿಟಿಕೆ. ನೋವು ಎರಡೇ ದಿನದಲ್ಲಿ ಹೋಯಿತಂತೆ. ಭಟ್ಟಿಯ ಇನ್ನೂ ಕೆಲವು ಹೆಂಗಸರು ಅದನ್ನೇ ತೆಗೆದುಕೊಳ್ಳುತ್ತಿದ್ದರು.

ಅವರು ಹೇಳಿದ ಇನ್ನೊಂದು ಮಾತು ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿತು. 'ಎರಡು ದಿನ ಪುಡಿ ತಪ್ಪಿದರೆ ಮೈಯೆಲ್ಲ ನೋವು, ಊಟ ಸೇರುವುದಿಲ್ಲ, ವಾಂತಿ ಬಂದ ಹಾಗಾಗುತ್ತದೆ. ಪುಡಿ ತೆಗೆದುಕೊಂಡರೆ ಸರಿಹೋಗುತ್ತದೆ. ಅಷ್ಟು ಗುಣ ಅದರಲ್ಲಿದೆ.' ಅವರಿಗೆ ಪುಡಿಯ ಶಕ್ತಿ ಎನಿಸಿದ್ದು ದೇಹದ ಕೊರತೆ. ಚರ್ಮವನ್ನು ತೆಳುವಾಗಿಸುವ, ಗಾಯ ಮಾಯುವುದನ್ನು ತಡಮಾಡುವ ಸ್ಟೀರಾಯ್ಡ್ ಪುಡಿಯಲ್ಲಿ ಬೆರೆತಿರಬೇಕು ಎಂಬ ಅನುಮಾನ ಬಲವಾಯಿತು. ಹೊರಗಿನಿಂದ ಸ್ಟೀರಾಯ್ಡ್ ಬಹುಕಾಲ ಬರುತ್ತಿದ್ದರೆ, ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ದೇಹದ ಸ್ವಂತ ಸ್ಟೀರಾಯ್ಡ್ ಆದ ಕಾರ್ಟಿಸಾಲ್ ತಯಾರಿಕೆಯನ್ನು ಕಡಿಮೆ ಮಾಡುತ್ತಾ ಬಂದು ನಿಲ್ಲಿಸಿಬಿಡುತ್ತವೆ. ಆಮೇಲೆ ಹೊರಗಿನದೂ ನಿಂತರೆ ದೇಹಕ್ಕೆ ಎರಡೂ ಇಲ್ಲ. ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು.

ಮಾರನೆಯ ದಿನ ಬೆಳಿಗ್ಗೆ ಎಂಟಕ್ಕೆ, ಆ ದಿನದ ಪುಡಿ ಬಾಯಿಗೆ ಹಾಕುವ ಮೊದಲು, ರಕ್ತದ ಕಾರ್ಟಿಸಾಲ್ ನೋಡಿದೆವು. ಡೆಸಿಲೀಟರ್‌ಗೆ 1.6 ಮೈಕ್ರೋಗ್ರಾಂ ಬಂತು. ಆ ಹೊತ್ತಿನಲ್ಲಿ 3ಕ್ಕಿಂತ ಕಡಿಮೆ ಇದ್ದರೆ ಗ್ರಂಥಿ ಮಲಗಿದೆ ಎಂದೇ ಅರ್ಥ. ಪುಡಿಯ ರಾಸಾಯನಿಕ ಪರೀಕ್ಷೆಯ ವರದಿಗೆ ಕಾಯುತ್ತಾ ಕೂರುವ ಅಗತ್ಯ ಉಳಿಯಲಿಲ್ಲ, ದೇಹವೇ ಹೇಳಿತ್ತು.

ತೆಗೆದುಕೊಂಡ ನಿರ್ಧಾರಗಳು

ವಿಷಯ ತಿಳಿದ ಮಗ ಸಿಟ್ಟಿನಿಂದ ಎಲ್ಲ ಪೊಟ್ಟಣಗಳನ್ನೂ ಗಟಾರಕ್ಕೆ ಎಸೆಯಲು ಹೊರಟಿದ್ದ. ಅವನನ್ನು ತಡೆಯುವುದು ಅಂದಿನ ಅತಿ ಮುಖ್ಯ ಕೆಲಸವಾಯಿತು. ಎಂಡೋಕ್ರೈನ್ (ಹಾರ್ಮೋನು) ತಜ್ಞರ ಜೊತೆ ಮಾತನಾಡಿ, ಎಷ್ಟಿದೆಯೆಂದು ಗೊತ್ತಿಲ್ಲದ ಪುಡಿಯ ಬದಲು ಅಳತೆ ಗೊತ್ತಿರುವ ಸ್ಟೀರಾಯ್ಡ್ ಮಾತ್ರೆ ಪ್ರೆಡ್ನಿಸೊಲೋನ್ 10 ಮಿಲಿಗ್ರಾಂ ಬೆಳಿಗ್ಗೆ ಶುರು ಮಾಡಿದೆವು. ವಾರಗಳ ಅಂತರದಲ್ಲಿ ಇಳಿಸುತ್ತಾ ಹೋಗುವ ಯೋಜನೆ. ಜ್ವರ, ವಾಂತಿ, ಪೆಟ್ಟು ಏನೇ ಆದರೂ ಈ ಮಾತ್ರೆ ನಿಲ್ಲಿಸಬಾರದು, ಅಂಥ ದಿನ ಎರಡರಷ್ಟು ಬೇಕು, ವಾಂತಿಯಲ್ಲಿ ಮಾತ್ರೆ ನಿಲ್ಲದಿದ್ದರೆ ಇಂಜೆಕ್ಷನ್ ಬೇಕು ಎಂದು ಕನ್ನಡದಲ್ಲಿ ಒಂದು ಚೀಟಿ ಬರೆದು ಸೊಸೆಯ ಕೈಗೆ ಕೊಟ್ಟೆವು.

ಆಸ್ಪಿರಿನ್ ನಿಲ್ಲಿಸಿದೆವು. ಹೃದಯದ ಕಾಯಿಲೆ ಇಲ್ಲದ ಮಧುಮೇಹಿಗಳಲ್ಲಿ ಅದರ ಲಾಭ ನಷ್ಟ ಹೆಚ್ಚು ಕಡಿಮೆ ಸರಿತೂಗುತ್ತವೆ. 2018ರಲ್ಲಿ ಪ್ರಕಟವಾದ ಆಸೆಂಡ್ ಎಂಬ ದೊಡ್ಡ ಅಧ್ಯಯನದಲ್ಲಿ 15,480 ಮಂದಿ ಇದ್ದರು: ಹೃದಯ ಮತ್ತು ರಕ್ತನಾಳಗಳ ಗಂಭೀರ ತೊಂದರೆ ಆಸ್ಪಿರಿನ್ ಪಡೆದವರಲ್ಲಿ ಶೇ. 8.5, ಪಡೆಯದವರಲ್ಲಿ ಶೇ. 9.6, ದೊಡ್ಡ ರಕ್ತಸ್ರಾವ ಕ್ರಮವಾಗಿ ಶೇ. 4.1 ಮತ್ತು ಶೇ. 3.2. ಇದನ್ನು ಓದಿ ಸ್ಟೆಂಟ್ ಹಾಕಿಸಿಕೊಂಡವರು, ಹೃದಯಾಘಾತ ಆದವರು ತಾವಾಗಿ ಆಸ್ಪಿರಿನ್ ಬಿಟ್ಟರೆ ಅನಾಹುತವಾಗುತ್ತದೆ. ಅವರ ಲೆಕ್ಕವೇ ಬೇರೆ.

ರಾತ್ರಿಯ ಗ್ಲಿಮೆಪಿರೈಡ್ ತೆಗೆದೆವು. ಬೆಳಿಗ್ಗೆ ಒಂದು ಹೊತ್ತು ಮಧ್ಯಮ ಅವಧಿ ಕೆಲಸ ಮಾಡುವ ಎನ್‌ಪಿಎಚ್ ಇನ್ಸುಲಿನ್ ಸೇರಿಸಿದೆವು. ಅದರ ಪ್ರಭಾವ ಏರುವ ಹೊತ್ತು ಬೆಳಗಿನ ಸ್ಟೀರಾಯ್ಡ್ ಸಕ್ಕರೆಯನ್ನು ಏರಿಸುವ ಹೊತ್ತಿಗೆ ಹೊಂದಿಕೊಳ್ಳುತ್ತದೆ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ನಡೆದರೆ ವಿಟಮಿನ್ ಬಿ12 ಇಳಿಯಬಹುದು, ಹಾಗಾಗಿ ಅದನ್ನೂ ನೋಡಿದೆವು. ಕಡಿಮೆ ಇತ್ತು, ತುಂಬಿಸಿದೆವು.

ಕಾಲಿನ ವಿಷಯಕ್ಕೆ ಬಂದರೆ, 10 ಗ್ರಾಂ ಒತ್ತಡದ ನೈಲಾನ್ ಎಳೆ ಮುಟ್ಟಿಸಿದಾಗ ಅಂಗಾಲಿನ ಹೆಚ್ಚಿನ ಬಿಂದುಗಳಲ್ಲಿ ಅವರಿಗೆ ಏನೂ ತಿಳಿಯಲಿಲ್ಲ. ಪಾದದ ನಾಡಿ ಚೆನ್ನಾಗಿತ್ತು, ಕಾಲಿನ ಮತ್ತು ತೋಳಿನ ರಕ್ತದೊತ್ತಡದ ಅನುಪಾತ 1.0. ಎಂದರೆ ರಕ್ತ ಹರಿಯುತ್ತಿದೆ, ಸ್ಪರ್ಶ ಹೋಗಿದೆ. ಕೆಂಪು, ಜ್ವರ, ಬಾವು ಏನೂ ಇರಲಿಲ್ಲ. ಆದರೆ ಸ್ಟೀರಾಯ್ಡ್ ಈ ಲಕ್ಷಣಗಳನ್ನೇ ಅಡಗಿಸುವುದರಿಂದ ಅಷ್ಟಕ್ಕೆ ಸಮಾಧಾನಪಡದೆ ಎಕ್ಸ್‌ರೇ ತೆಗೆದು, ಕಡ್ಡಿ ಇಳಿಸಿ ಎಲುಬು ತಾಗುತ್ತದೆಯೇ ಎಂದು ನೋಡಿದೆವು. ಎಲುಬಿಗೆ ಸೋಂಕು ಇಳಿದಿರಲಿಲ್ಲ. ಜಡ್ಡು ಕೆತ್ತಿ ತೆಗೆದು, ಹುಣ್ಣಿನ ಸುತ್ತ ದಪ್ಪ ಫೆಲ್ಟ್ (ಒತ್ತಿ ಮಾಡಿದ ಮೆತ್ತನೆಯ ಬಟ್ಟೆ) ಅಂಟಿಸಿ ಭಾರ ಆ ಜಾಗಕ್ಕೆ ಬೀಳದಂತೆ ಮಾಡಿದೆವು. ಪೆರಾಕ್ಸೈಡ್ ಬಾಟಲಿ ಮನೆಯಿಂದ ಹೊರಟಿತು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದೂವರೆ ಟೀ ಚಮಚ ಉಪ್ಪು, ಅಷ್ಟೇ.

ಇಂಥ ಹುಣ್ಣಿಗೆ ಕಾಲಿಗೆ ಪೂರ್ತಿ ಅಂಟುವ ಪ್ಲಾಸ್ಟರ್ ಹಾಕುವುದು ಉತ್ತಮ ವಿಧಾನ. ಗಂಗಮ್ಮ ಒಪ್ಪಲಿಲ್ಲ. 'ಪ್ಲಾಸ್ಟರ್ ಹಾಕಿಕೊಂಡು ಭಟ್ಟಿ ಮುಂದೆ ನಿಲ್ಲುವುದು ಹೇಗೆ? ನಿಲ್ಲದಿದ್ದರೆ ಮನೆ ನಡೆಯುವುದು ಹೇಗೆ?' ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ, ಔಷಧದ ಪುಸ್ತಕದಲ್ಲೂ ಇಲ್ಲ. ಮಗ ಭಟ್ಟಿಯ ಮಾಲೀಕರನ್ನು ಕಂಡು ಮಾತನಾಡಿದ. ಅವರು ಗಂಗಮ್ಮನವರನ್ನು ಒಲೆಯಿಂದ ತೆಗೆದು ಮಂಡಕ್ಕಿ ಅಳೆದು ಚೀಲ ಹೊಲಿಯುವ ಕೆಲಸಕ್ಕೆ, ಅದೂ ಸ್ಟೂಲಿನ ಮೇಲೆ ಕುಳಿತು ಮಾಡುವ ಹಾಗೆ, ಹಾಕಿದರು. ಕೂಲಿ ಸ್ವಲ್ಪ ಕಡಿಮೆಯಾಯಿತು, ನಿಲ್ಲಲಿಲ್ಲ. ಈ ಪ್ರಕರಣದಲ್ಲಿ ಗಾಯ ಮಾಯಲು ಅತಿ ಹೆಚ್ಚು ನೆರವಾದದ್ದು ಆ ಸ್ಟೂಲು ಎಂದು ನಾನು ಈಗಲೂ ನಂಬುತ್ತೇನೆ.

ನಡೆದದ್ದು

ದಾರಿ ಸಲೀಸಾಗಿರಲಿಲ್ಲ. ನಾಲ್ಕು ವಾರಕ್ಕೆ ಹುಣ್ಣಿನ ವಿಸ್ತೀರ್ಣ ಅರ್ಧಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಎಲ್ಲಿಯೋ ಏನೋ ತಪ್ಪುತ್ತಿದೆ ಎಂದು ಮತ್ತೆ ಮೊದಲಿನಿಂದ ಹುಡುಕಬೇಕು. ಇವರದು ಕಾಲು ಭಾಗವಷ್ಟೇ ಇಳಿದಿತ್ತು. ನೋಟ್‌ಬುಕ್ಕಿನಲ್ಲಿ ಸಂಜೆಯ ಅಂಕಿ ಮತ್ತೆ 340ಕ್ಕೆ ಏರಿತ್ತು. ಪುಡಿ ನಿಂತ ಮೇಲೆ ಮೊಣಕಾಲು ನೋವು ತಡೆಯಲಾಗದೆ, ಒಬ್ಬ ಗೆಳತಿಯಿಂದ ಪೊಟ್ಟಣ ಇಸಿದುಕೊಂಡು ಮಾತ್ರೆಯ ಜೊತೆಗೆ ಅದನ್ನೂ ತೆಗೆದುಕೊಳ್ಳುತ್ತಿದ್ದರು. ಬೈದು ಕಳಿಸಿದ್ದರೆ ಆ ಸಂಗತಿ ಮುಂದೆಂದೂ ನಮ್ಮ ಕಿವಿಗೆ ಬೀಳುತ್ತಿರಲಿಲ್ಲ. ನೋವು ನಿಜ, ಮೊಣಕಾಲಿನ ಎಕ್ಸ್‌ರೇಯಲ್ಲಿ ಕೀಲು ಸವೆದದ್ದು ಕಾಣುತ್ತಿತ್ತು. ಪ್ಯಾರಾಸಿಟಮಾಲ್, ತೊಡೆಯ ಸ್ನಾಯುವಿಗೆ ದಿನವೂ ಕುಳಿತಲ್ಲೇ ಮಾಡುವ ವ್ಯಾಯಾಮ, ಕುಕ್ಕರುಗಾಲು ಬಿಡುವುದು, ಇವನ್ನು ಸಕ್ಕರೆಗೆ ಕೊಟ್ಟಷ್ಟೇ ಮಹತ್ವ ಕೊಟ್ಟು ಶುರು ಮಾಡಿದ ಮೇಲೆ ಪುಡಿ ನಿಂತಿತು.

ಎರಡನೆಯ ತಿಂಗಳಲ್ಲಿ ಒಂದು ರಾತ್ರಿ ವಾಂತಿ ಭೇದಿ ಹಿಡಿಯಿತು. ಹೊಟ್ಟೆ ಕೆಟ್ಟಿದೆ, ಯಾವ ಮಾತ್ರೆಯೂ ಬೇಡ, ಬೆಳಗಾಗಲಿ ಎಂದರು ನೆಂಟರು. ಸೊಸೆ ಚೀಟಿ ಹಿಡಿದುಕೊಂಡು ರಾತ್ರಿಯೇ ಆಸ್ಪತ್ರೆಗೆ ಕರೆತಂದಳು. ರಕ್ತದೊತ್ತಡ 84/50, ಕಣ್ಣು ಬಿಡುವ ಶಕ್ತಿಯೂ ಇರಲಿಲ್ಲ. ಚೀಟಿ ನೋಡಿದ ಕರ್ತವ್ಯದ ವೈದ್ಯರು ತಕ್ಷಣ 100 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್ ಮತ್ತು ಸಲೈನ್ ಕೊಟ್ಟರು. ಬೆಳಗಾಗುವ ಹೊತ್ತಿಗೆ ಗಂಗಮ್ಮ ಎದ್ದು ಕುಳಿತಿದ್ದರು. ಎಸ್‌ಎಸ್‌ಎಲ್‌ಸಿಯವರೆಗೆ ಓದಿದ ಆ ಹುಡುಗಿ ಚೀಟಿಯನ್ನು ನಂಬಿ ಹಿರಿಯರ ಮಾತು ಮೀರಿದ್ದರಿಂದ ಅತ್ತೆ ಉಳಿದರು.

ನಾಲ್ಕನೆಯ ತಿಂಗಳು ಮುಗಿಯುವಷ್ಟರಲ್ಲಿ ಹುಣ್ಣು ಪೂರ್ತಿ ಮುಚ್ಚಿತು. ಹೊಸ ನೀಲಿ ಕಲೆಗಳು ಅದಕ್ಕಿಂತ ಮೊದಲೇ ನಿಂತಿದ್ದವು. ಎಚ್‌ಬಿಎ1ಸಿ 7.3ಕ್ಕೆ ಇಳಿಯಿತು, ಸ್ಟೀರಾಯ್ಡ್ ಇಳಿದಂತೆ ಇನ್ಸುಲಿನ್ ಅಳತೆಯನ್ನೂ ಇಳಿಸಬೇಕಾಯಿತು, ಇಲ್ಲದಿದ್ದರೆ ಸಕ್ಕರೆ ಕುಸಿಯುತ್ತಿತ್ತು. ಮುಖದ ದುಂಡು ಹೋದಾಗ ಅಕ್ಕಪಕ್ಕದವರು 'ಡಾಕ್ಟರ ಮಾತ್ರೆಯಿಂದ ಸೊರಗಿದ್ದಾಳೆ' ಎಂದರಂತೆ.

ಇದರಿಂದ ನಮ್ಮ ಕೆಲಸದಲ್ಲಿ ಬದಲಾದದ್ದು

ಔಷಧ ಯಾವುದು ಎಂದು ಕೇಳುವುದರ ಜೊತೆಗೆ ನೋವಿಗೆ, ಕೆಮ್ಮಿಗೆ, ನಿದ್ದೆಗೆ, ದಮ್ಮಿಗೆ ಏನು ಮಾಡುತ್ತೀರಿ ಎಂದು ಒಂದೊಂದಾಗಿ ಕೇಳುತ್ತೇವೆ. ಮನೆಯಲ್ಲಿರುವ ಪುಡಿ, ಲೇಹ್ಯ, ಮಾತ್ರೆ, ಮುಲಾಮು ಎಲ್ಲವನ್ನೂ ಒಂದು ಚೀಲದಲ್ಲಿ ತರಲು ಹೇಳುತ್ತೇವೆ. ಬೆಳಗಿನ ಸಕ್ಕರೆ ಚೆನ್ನಾಗಿದ್ದು ಸಂಜೆಯದು ಮಾತ್ರ ಜಿಗಿಯುತ್ತಿದ್ದರೆ, ಮಾತ್ರೆ ಹೆಚ್ಚಿಸುವ ಮುನ್ನ ತೋಳಿನ ಚರ್ಮ ನೋಡುತ್ತೇವೆ.

ಗಂಗಮ್ಮನವರ ಸುದ್ದಿ ಹರಡಿ ಭಟ್ಟಿಯ ಹೆಂಗಸರು ಕೆಲವರು ತಾವೂ ಪುಡಿ ತಿನ್ನುತ್ತಿರುವುದಾಗಿ ಬಂದು ಹೇಳಿದರು. ಹೆದರಿ ಆಗಲೇ ಬಿಟ್ಟಿದ್ದವರೂ ಅವರಲ್ಲಿದ್ದರು. ಹೆಸರಿಲ್ಲದ ಇಂಥ ಪುಡಿ ಅಥವಾ ಮಾತ್ರೆಯನ್ನು ಮೂರು ನಾಲ್ಕು ವಾರಕ್ಕಿಂತ ಹೆಚ್ಚು ಕಾಲ ತೆಗೆದುಕೊಂಡವರು ಅದನ್ನು ಒಮ್ಮೆಲೇ ನಿಲ್ಲಿಸಬಾರದು. ಪೊಟ್ಟಣ ಹಿಡಿದುಕೊಂಡು ವೈದ್ಯರ ಬಳಿ ಹೋಗಬೇಕು. ಎಲ್ಲ ನಾಟಿ ಔಷಧದಲ್ಲೂ ಸ್ಟೀರಾಯ್ಡ್ ಇದೆ ಎಂದು ನಾನು ಹೇಳುತ್ತಿಲ್ಲ. ಹೆಸರು, ಪರವಾನಗಿ ಸಂಖ್ಯೆ, ಪದಾರ್ಥಗಳ ಪಟ್ಟಿ ಮೂರೂ ಇಲ್ಲದೆ ಎರಡೇ ದಿನದಲ್ಲಿ ವರ್ಷಗಳ ಕೀಲುನೋವು ಮಾಯ ಮಾಡುವ ಯಾವುದನ್ನೇ ಆದರೂ ಅನುಮಾನಿಸಬೇಕು.

ಪೊಟ್ಟಣದ ಮಾದರಿಯೊಂದಿಗೆ ಔಷಧ ನಿಯಂತ್ರಣ ಅಧಿಕಾರಿಗಳಿಗೆ ಲಿಖಿತ ದೂರು ಕೊಟ್ಟಿದ್ದೇವೆ. ಮಾರುವವನು ಆ ಸಂತೆಗೆ ಬರುವುದನ್ನು ಬಿಟ್ಟಿದ್ದಾನೆ.

ಎಂಟನೆಯ ತಿಂಗಳಿನ ಕಾರ್ಟಿಸಾಲ್ 7.8 ಬಂದಿದೆ. ಗ್ರಂಥಿ ಎಚ್ಚರಗೊಳ್ಳುತ್ತಿದೆ, ಪೂರ್ತಿ ಎದ್ದಿಲ್ಲ. ಪ್ರೆಡ್ನಿಸೊಲೋನ್ ಜಾಗದಲ್ಲಿ ಸಣ್ಣ ಅಳತೆಯ ಹೈಡ್ರೋಕಾರ್ಟಿಸೋನ್ ಇನ್ನೂ ನಡೆದಿದೆ, ಚೀಟಿಯೂ ಸೊಸೆಯ ಬಳಿ ಇದೆ. ಚರ್ಮದ ತೆಳುವು ಪೂರ್ತಿ ಸರಿಹೋಗಿಲ್ಲ. ಮಧುಮೇಹಿಯ ಪಾದದಲ್ಲಿ ಮಾಯ್ದ ಹುಣ್ಣು ಒಂದು ವರ್ಷದೊಳಗೆ ನೂರಕ್ಕೆ ಸುಮಾರು ನಲವತ್ತು ಮಂದಿಯಲ್ಲಿ ಮರುಕಳಿಸುತ್ತದೆ. ಹಾಗಾಗಿ ಮೃದುವಾದ ಎಂಸಿಆರ್ (ಸೂಕ್ಷ್ಮ ರಂಧ್ರಗಳ ರಬ್ಬರ್) ಅಟ್ಟೆಯ, ಹಿಂದೆ ಪಟ್ಟಿ ಇರುವ ಚಪ್ಪಲಿ ಮಾಡಿಸಿದ್ದೇವೆ. ಹೊರಡುವ ಮೊದಲು ಚಪ್ಪಲಿ ಕೊಡವಿ ಒಳಗೆ ಕೈಯಾಡಿಸುವುದು, ಸಂಜೆ ಸೊಸೆ ಎರಡೂ ಅಂಗಾಲು ನೋಡುವುದು ನಡೆದಿದೆ. ತಿಂಗಳಿಗೊಮ್ಮೆ ಬಂದು ಜಡ್ಡು ತೆಗೆಸಿಕೊಂಡು ಹೋಗುತ್ತಾರೆ.